ಫೋಟೊ ಪುಸ್ತಕ: ಕೂಡಿಡುವ ಮೊದಲು ಓದುವುದು

ರಾಬರ್ಟ್ ಫ್ರಾಂಕ್ 1955 ಮತ್ತು 1956ರಲ್ಲಿ ಗುಗನ್‌ಹೈಮ್ ಫೆಲೊಶಿಪ್ಪಿನ ಹಣದಲ್ಲಿ, ಹಳೆಯ ಕಾರೊಂದನ್ನು ಓಡಿಸಿಕೊಂಡು ಅಮೆರಿಕವನ್ನು ಉದ್ದಗಲಕ್ಕೆ ಸುತ್ತಿದರು. ತೆಗೆದ ಫೋಟೊಗಳು 27,000ಕ್ಕೂ ಹೆಚ್ಚು. ‘ದಿ ಅಮೆರಿಕನ್ಸ್’ ಪುಸ್ತಕಕ್ಕೆ ಅವರು ಆರಿಸಿಕೊಂಡಿದ್ದು 83. ಮುನ್ನೂರಕ್ಕೂ ಹೆಚ್ಚು ಚಿತ್ರಗಳಿಗೆ ಒಂದು ಉಳಿಯಿತು. ಒಂದೊಂದನ್ನೂ ಬಿಡಿಯಾಗಿ ತೂಗಿ ಆರಿಸಿದ್ದರೆ ಬಹುಶಃ ಬೇರೆಯೇ 83 ಬರುತ್ತಿದ್ದವು. ಫ್ರಾಂಕ್ ತೂಗಿ ನೋಡಿದ್ದು, ಒಂದು ಚಿತ್ರ ಹಿಂದಿನ ಪುಟದಿಂದ ಏನನ್ನು ಪಡೆದು ಮುಂದಿನ ಪುಟಕ್ಕೆ ಏನನ್ನು ದಾಟಿಸುತ್ತದೆ ಎಂಬುದನ್ನು. ಫೋಟೊ ಪುಸ್ತಕದ ಬಗ್ಗೆ ನನ್ನ ವಾದವೆಲ್ಲ ಇಲ್ಲಿಂದ ಹೊರಡುತ್ತದೆ. ಅದು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬೇಕಾದ ಕೃತಿ, ಹಾಗೆ ಓದುವವರು ಮಾತ್ರ ಅದನ್ನು ಅರ್ಥಪೂರ್ಣವಾಗಿ ಸಂಗ್ರಹಿಸಬಲ್ಲರು. ನಮ್ಮಲ್ಲಿ ಈ ಪುಸ್ತಕಗಳಿಗೆ ಸಿಕ್ಕಿರುವ ಜಾಗ ಬೇರೆ. ಸನ್ಮಾನದ ವೇದಿಕೆಯಲ್ಲಿ ಹಾರ, ಶಾಲುಗಳ ಜೊತೆ ಕೊಡುವ ದಪ್ಪ ಪುಸ್ತಕ ಅದು. ನಡುಮನೆಯ ಟೀಪಾಯಿಯ ಮೇಲೆ ಕೂತು, ಬಂದವರು ಕಾಫಿ ಬರುವ ತನಕ ಮಗುಚಿ ಹಾಕುವ ಪುಸ್ತಕ. ಸಾಹಿತ್ಯದ ಬಗ್ಗೆ ಇಷ್ಟೊಂದು ಚರ್ಚೆ ಮಾಡುವ ಕನ್ನಡದ ಓದುಗ ಸಮಾಜ ಈ ಪ್ರಕಾರವನ್ನು ಓದಿನ ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎನ್ನುವುದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ.

ಓದುವುದು ಅಂದರೆ ಇಲ್ಲಿ ಏನು? ಫ್ರಾಂಕ್ ಪುಸ್ತಕದ ಮೂರು ಪುಟಗಳನ್ನೇ ನೋಡೋಣ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ, ಎರಡು ತಾಳೆಮರಗಳ ನಡುವೆ ಒಂದು ಕಾರು ನಿಂತಿದೆ. ಅದರ ಮೇಲೆ ನೆಲದವರೆಗೆ ಇಳಿಬಿದ್ದ, ಬೆಳಕಿಗೆ ಹೊಳೆಯುವ ಮುಸುಕು. ಯಾರೋ ಅಕ್ಕರೆಯಿಂದ ಕಾಪಾಡುತ್ತಿರುವ ಆಸ್ತಿ ಎಂದು ಅಂದುಕೊಳ್ಳುತ್ತೇವೆ. ಪುಟ ತಿರುಗಿಸಿದರೆ ಅರಿಜೋನಾದ ಹೆದ್ದಾರಿ. ಉದುರುತ್ತಿರುವ ಹಿಮದಲ್ಲಿ ರಸ್ತೆಯ ಬದಿಗೆ ನಾಲ್ಕು ಜನ ನಿಂತಿದ್ದಾರೆ, ಅವರ ಮುಂದೆ ನೆಲದ ಮೇಲೆ ಕಂಬಳಿ ಹೊದಿಸಿದ ಹೆಣ. ಅಪಘಾತವಾಗಿದೆ. ಮತ್ತೆ ಪುಟ ತಿರುಗಿಸಿದರೆ ನ್ಯೂ ಮೆಕ್ಸಿಕೊದಲ್ಲಿ ದಿಗಂತದವರೆಗೆ ನೆಟ್ಟಗೆ ಹೋಗುವ ಖಾಲಿ ರಸ್ತೆ, ದೂರದಲ್ಲಿ ಎದುರಿಗೆ ಬರುತ್ತಿರುವ ಒಂದೇ ಒಂದು ವಾಹನ. ಈ ಮೂರರಲ್ಲಿ ಯಾವುದನ್ನೇ ಬಿಡಿಯಾಗಿ ಗೋಡೆಗೆ ಹಾಕಿದರೂ ಅದು ಒಳ್ಳೆಯ ಫೋಟೊ, ಅಷ್ಟೇ. ಒಂದರ ಹಿಂದೆ ಒಂದು ಬಂದಾಗ ಮೊದಲ ಮುಸುಕಿನ ಅರ್ಥ ಎರಡನೆಯ ಮುಸುಕಿನಿಂದ ಬದಲಾಗುತ್ತದೆ. ಕಾರಿನ ಮೇಲಿನ ಆ ಅಕ್ಕರೆ ಈಗ ಭಯ ಹುಟ್ಟಿಸುತ್ತದೆ. ಮೂರನೆಯ ಪುಟದ ರಸ್ತೆಯನ್ನು ಬರಿಯ ಭೂದೃಶ್ಯವಾಗಿ ನೋಡಲು ಆಗುವುದೇ ಇಲ್ಲ, ಎದುರಿಗೆ ಬರುತ್ತಿರುವ ಆ ವಾಹನದ ಮೇಲೆ ಕಣ್ಣು ನೆಡುತ್ತದೆ. ಕಾರು, ಸಾವು, ದೂರ ಎನ್ನುವ ಮೂರು ಸಂಗತಿಗಳ ನಡುವಿನ ನಂಟನ್ನು ಒಂದು ಅಕ್ಷರವೂ ಇಲ್ಲದೆ ಹೇಳಿರುವುದು ಇಲ್ಲಿಯ ಸಾಧನೆ. ಅದು ಪುಟ ತಿರುಗುವ ಹೊತ್ತಿನಲ್ಲಿ ಓದುಗನ ತಲೆಯೊಳಗೆ ನಡೆಯುತ್ತದೆ.

ಇದು ಓದುಗನ ಕಲ್ಪನೆಯಷ್ಟೇ, ಚಿತ್ರಗಳನ್ನು ಹೇಗೆ ಜೋಡಿಸಿದರೂ ಏನಾದರೊಂದು ಅರ್ಥ ಹುಟ್ಟುತ್ತದೆ ಎಂದು ಯಾರಾದರೂ ಹೇಳಬಹುದು. ಅದಕ್ಕೆ ಉತ್ತರ ಅದೇ ಪುಸ್ತಕದ ಪ್ರಕಟಣೆಯ ಇತಿಹಾಸದಲ್ಲಿದೆ. ಅದು ಮೊದಲು ಬಂದದ್ದು 1958ರಲ್ಲಿ, ಪ್ಯಾರಿಸ್ಸಿನಲ್ಲಿ, ರಾಬರ್ಟ್ ಡೆಲ್ಪೀರ್ ಅವರ ಪ್ರಕಾಶನದಿಂದ. ಅಲ್ಲಿ ಚಿತ್ರಗಳ ಎದುರುಪುಟಗಳಲ್ಲಿ ಅಮೆರಿಕದ ಬಗ್ಗೆ ಹಲವು ಲೇಖಕರು ಬರೆದ ಮಾತುಗಳನ್ನು ತುಂಬಿದ್ದರು. ಹೊದಿಕೆಯ ಮೇಲೆ ಫೋಟೊ ಕೂಡ ಇರಲಿಲ್ಲ, ಸಾಲ್ ಸ್ಟೈನ್‌ಬರ್ಗ್ ಅವರ ರೇಖಾಚಿತ್ರಗಳಿದ್ದವು. ಮರುವರ್ಷ ನ್ಯೂಯಾರ್ಕಿನ ಗ್ರೋವ್ ಪ್ರೆಸ್ ಆ ಮಾತುಗಳನ್ನೆಲ್ಲ ತೆಗೆದು, ಜಾಕ್ ಕೆರುವಾಕ್ ಅವರ ಮುನ್ನುಡಿಯೊಂದನ್ನು ಇಟ್ಟು, ಎಡಪುಟಗಳನ್ನು ಊರಿನ ಹೆಸರಿನ ಹೊರತು ಖಾಲಿ ಬಿಟ್ಟಿತು. ಅದೇ 83 ಚಿತ್ರಗಳು. ಆದರೆ ಪ್ಯಾರಿಸ್ಸಿನ ಆವೃತ್ತಿ ಒಂದು ದೇಶದ ಕುರಿತ ಸಚಿತ್ರ ಪ್ರಬಂಧವಾಯಿತು, ನ್ಯೂಯಾರ್ಕಿನದು ಒಬ್ಬ ಮನುಷ್ಯನ ನೋಟವಾಯಿತು. ಪ್ರಭಾವ ಬೀರಿದ್ದು ಎರಡನೆಯದು. ಹಾಗೆ ಖಾಲಿ ಪುಟದ ಬಲವನ್ನು ಫ್ರಾಂಕ್ ಕಲಿತದ್ದು ವಾಕರ್ ಎವನ್ಸ್ ಅವರಿಂದ. ಎವನ್ಸ್ ಅವರ ‘ಅಮೆರಿಕನ್ ಫೋಟೊಗ್ರಾಫ್ಸ್’ 1938ರಲ್ಲೇ ಎಡಪುಟವನ್ನು ಬಿಳಿಯಾಗಿ ಬಿಟ್ಟು, ಶೀರ್ಷಿಕೆಗಳನ್ನು ಆಯಾ ಭಾಗದ ಕೊನೆಗೆ ಸರಿಸಿತ್ತು. ಓದುಗ ಮೊದಲು ನೋಡಬೇಕು, ಹೆಸರು ಆಮೇಲೆ ತಿಳಿಯಲಿ ಎಂಬ ಹಟ ಅದು.

ಈ ಪ್ರಕಾರದ ವಯಸ್ಸು ಹೆಚ್ಚುಕಡಿಮೆ ಫೋಟೊಗ್ರಫಿಯಷ್ಟೇ. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞೆ ಆನಾ ಆಟ್ಕಿನ್ಸ್ 1843ರಲ್ಲಿ ಕಡಲಪಾಚಿಗಳ ಪುಸ್ತಕವನ್ನು ಬಿಡಿ ಕಂತುಗಳಲ್ಲಿ ಹೊರತರಲು ತೊಡಗಿದರು. ಕ್ಯಾಮರಾ ಬಳಸಲಿಲ್ಲ. ಜಾನ್ ಹರ್ಷೆಲ್ ಹಿಂದಿನ ವರ್ಷವಷ್ಟೇ ಕಂಡುಹಿಡಿದಿದ್ದ ಸಯನೊಟೈಪ್ ಕಾಗದದ ಮೇಲೆ ಪಾಚಿಯನ್ನೇ ಇಟ್ಟು ಬಿಸಿಲಿಗೆ ಒಡ್ಡಿದರು. ನೀಲಿ ಹಿನ್ನೆಲೆಯಲ್ಲಿ ಬಿಳಿಯ ಎಳೆಎಳೆಯಾಗಿ ಪಾಚಿ ಮೂಡಿತು, ಕೈಬರಹದ ಹೆಸರುಗಳೂ ಅದೇ ವಿಧಾನದಲ್ಲಿ ಅಚ್ಚಾದವು. ಮರುವರ್ಷ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಅವರ ‘ದಿ ಪೆನ್ಸಿಲ್ ಆಫ್ ನೇಚರ್’ ಶುರುವಾಗಿ, 1846ರ ಹೊತ್ತಿಗೆ 24 ಚಿತ್ರಗಳೊಂದಿಗೆ ನಿಂತಿತು. ನಮ್ಮ ನಾಡು ಈ ಚರಿತ್ರೆಯೊಳಗೆ ಬಹಳ ಬೇಗ ಬಂದಿದೆ ಎನ್ನುವುದನ್ನು ನಾವು ಮರೆತಿದ್ದೇವೆ. ಲಂಡನ್ನಿನ ಜಾನ್ ಮರ್ರೆ 1866ರಲ್ಲಿ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಎಂಬ ದೊಡ್ಡ ಸಂಪುಟವನ್ನು ಪ್ರಕಟಿಸಿದರು. ಫೋಟೊಗಳು ಡಾಕ್ಟರ್ ಪಿಗೌ, ನೀಲ್ ಮತ್ತು ಕರ್ನಲ್ ಬಿಗ್ಸ್ ಅವರವು. ಇತಿಹಾಸದ ಭಾಗವನ್ನು ಬರೆದವರು ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್, ವಾಸ್ತುಶಿಲ್ಪದ ಟಿಪ್ಪಣಿ ಜೇಮ್ಸ್ ಫರ್ಗುಸನ್ ಅವರದು. ಐಹೊಳೆ, ಪಟ್ಟದಕಲ್ಲು, ಹಳೇಬೀಡು, ಹಂಪಿ ಅದರಲ್ಲಿವೆ. ಫೋಟೊವನ್ನು ಮಸಿಯಲ್ಲಿ ಅಚ್ಚು ಹಾಕುವ ಅಗ್ಗದ ಉಪಾಯ ಆಗ ಇರಲಿಲ್ಲ, ಒಂದೊಂದು ಪ್ರತಿಗೂ ನಿಜವಾದ ಪ್ರಿಂಟುಗಳನ್ನೇ ಅಂಟಿಸಬೇಕಿತ್ತು. ನನ್ನ ಅಳತೆಗೋಲಿನಲ್ಲಿ ಇದನ್ನು ಪೂರ್ಣ ಅರ್ಥದ ಫೋಟೊ ಪುಸ್ತಕ ಎನ್ನುವುದು ಕಷ್ಟ. ಅಲ್ಲಿ ಚಿತ್ರ ಸಾಕ್ಷ್ಯವಾಗಿದೆ, ಮಾತು ತೀರ್ಪು ಕೊಡುತ್ತದೆ. ಆದರೂ ಇದನ್ನು ಪುಟಪುಟವಾಗಿ ನೋಡುವ ಓದುಗನಿಗೆ ಒಂದು ಸಂಗತಿ ತಟ್ಟದೆ ಇರದು. ಗುಡಿಗಳು ಗುಡಿಗಳಾಗಿಯೇ ಸಾಲುಗಟ್ಟಿ ಬರುತ್ತವೆ, ಅವುಗಳ ಸುತ್ತ ಬದುಕುತ್ತಿದ್ದ ಊರು ಚೌಕಟ್ಟಿನಿಂದ ಹೊರಗೇ ಉಳಿಯುತ್ತದೆ. ಒಂದು ಚಿತ್ರದಲ್ಲಿ ಆಕಸ್ಮಿಕ ಎನಿಸುವ ಈ ಗೈರುಹಾಜರಿ ಹತ್ತಾರು ಪುಟಗಳಲ್ಲಿ ಮರುಕಳಿಸಿದಾಗ ವಸಾಹತು ಆಡಳಿತದ ನೋಟವೆಂದು ಗುರುತಾಗುತ್ತದೆ. ಆ ಪುಸ್ತಕ ಹೇಳಲು ಹೊರಟಿರದ ಸಂಗತಿಯನ್ನೂ ಅದರ ಅನುಕ್ರಮ ಹೇಳಿಬಿಡುತ್ತದೆ.

ಇನ್ನು ಪುಸ್ತಕದ ಮೈ. ಅಸಲು ಕೃತಿ ಮ್ಯೂಸಿಯಮ್ಮಿನ ಗೋಡೆಯ ಮೇಲಿರುವ ಪ್ರಿಂಟು, ಪುಸ್ತಕದಲ್ಲಿರುವುದು ಅದರ ನಕಲು ಎಂಬ ನಂಬಿಕೆ ಸಂಗ್ರಾಹಕರಲ್ಲೂ ಇದೆ. ಹಲವು ದೊಡ್ಡ ಪುಸ್ತಕಗಳ ವಿಷಯದಲ್ಲಿ ಇದು ಸುಳ್ಳು. ಕಾರ್ಟಿಯೆ-ಬ್ರೆಸೊನ್ ಅವರ 1952ರ ಪುಸ್ತಕ, ಇಂಗ್ಲಿಷಿನಲ್ಲಿ ‘ದಿ ಡಿಸೈಸಿವ್ ಮೊಮೆಂಟ್’ ಎಂದು ಹೆಸರಾದದ್ದು, ಮಾತೀಸ್ ರಚಿಸಿದ ಹೊದಿಕೆಯೊಂದಿಗೆ ಗ್ರಾವ್ಯೂರ್ ವಿಧಾನದಲ್ಲಿ ಅಚ್ಚಾಯಿತು. ಗ್ರಾವ್ಯೂರಿನಲ್ಲಿ ಮಸಿ ನಿಲ್ಲುವುದು ತಗಡಿನ ಸಣ್ಣ ಕುಳಿಗಳಲ್ಲಿ. ಕುಳಿ ಆಳವಾದಷ್ಟೂ ಕಾಗದಕ್ಕೆ ಹೆಚ್ಚು ಮಸಿ ಇಳಿಯುತ್ತದೆ. ಆದ್ದರಿಂದಲೇ ಅಲ್ಲಿನ ಕಪ್ಪಿಗೆ ಮಖಮಲ್ಲಿನ ಮೈ ಇದೆ. ಆಫ್‌ಸೆಟ್ಟಿನಲ್ಲಿ ಮಸಿಯ ಪದರ ಎಲ್ಲೆಡೆ ಒಂದೇ ದಪ್ಪ, ಬದಲಾಗುವುದು ಚುಕ್ಕಿಯ ಗಾತ್ರ ಮಾತ್ರ. ಅದರ ಕೊರತೆ ತುಂಬಲು ಕಪ್ಪಿನ ಜೊತೆಗೆ ಒಂದೆರಡು ಬೂದುಬಣ್ಣದ ಮಸಿಗಳನ್ನು ಸೇರಿಸಿ ಅಚ್ಚು ಹಾಕುತ್ತಾರೆ. ಜಪಾನಿನ ಕಿಕುಜಿ ಕವಾದಾ ಅವರ ‘ಚಿಜು’ ಪುಸ್ತಕವಂತೂ ಗೋಡೆಗೆ ಬರುವ ಕೃತಿಯೇ ಅಲ್ಲ. 1965ರ ಆಗಸ್ಟ್ 6ರಂದು, ಹಿರೋಶಿಮಾದ ಮೇಲೆ ಬಾಂಬು ಬಿದ್ದು 20 ವರ್ಷ ತುಂಬಿದ ದಿನ, ಅದು ಹೊರಬಂತು. ವಿನ್ಯಾಸ ಕೊಹೇ ಸುಗಿಯುರಾ ಅವರದು. ಪುಟಗಳು ಎರಡೂ ಬದಿಗೆ ಮಡಿಕೆ ಬಿಚ್ಚಿಕೊಳ್ಳುತ್ತವೆ. ಬಿಚ್ಚಿದರೆ ಒಳಗೆ ಹಿರೋಶಿಮಾದ ಗುಮ್ಮಟದ ಗೋಡೆಗಳ ಕಲೆಗಳು, ಆತ್ಮಾಹುತಿ ಪೈಲಟ್‌ಗಳ ನೆನಪಿನ ವಸ್ತುಗಳು, ಅಮೆರಿಕದ ಸಿಗರೇಟು ಪ್ಯಾಕು, ಕೋಕಾಕೋಲಾ ಬಾಟಲಿ. ಪ್ರತಿ ಸಲವೂ ಓದುಗನ ಕೈಯೇ ಗಾಯವನ್ನು ತೆರೆಯಬೇಕು. ನಮ್ಮ ದಯಾನಿತಾ ಸಿಂಗ್ ಇದೇ ಹಾದಿಯಲ್ಲಿ ಬಹಳ ಮುಂದೆ ಹೋಗಿದ್ದಾರೆ. ಅವರ ‘ಸೆಂಟ್ ಎ ಲೆಟರ್’ (2008) ಏಳು ಪುಟ್ಟ ಮಡಿಕೆ ಪುಸ್ತಕಗಳ ಕಟ್ಟು. ‘ಮ್ಯೂಸಿಯಂ ಭವನ್’ (2017) ಒಂದು ಪೆಟ್ಟಿಗೆಯೊಳಗಿನ ಒಂಬತ್ತು ಮಡಿಕೆ ಪುಸ್ತಕಗಳು. ಬಿಚ್ಚಿ ಮೇಜಿನ ಮೇಲೆ ನಿಲ್ಲಿಸಿದರೆ ಮನೆಯಲ್ಲೇ ಪ್ರದರ್ಶನ. ಶೃಂಗೇರಿ ಮಠದ ಹಳೆಯ ಕಡತಗಳನ್ನು, ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಲೇಪ ಕೊಟ್ಟ ಆ ಮಡಿಕೆ ಬಟ್ಟೆಗಳನ್ನು, ಬಲ್ಲ ಕನ್ನಡಿಗರಿಗೆ ಈ ಆಕಾರ ಹೊಸದೇನಲ್ಲ. ಎಷ್ಟು ಬೇಕೋ ಅಷ್ಟು ಬಿಚ್ಚಿ, ಎರಡು ದೂರದ ಪುಟಗಳನ್ನು ಒಟ್ಟಿಗೆ ನೋಡುವ ಅನುಕೂಲ ಮಡಿಕೆಗೆ ಮಾತ್ರ ಇದೆ. ಸಿಂಗ್ ಅದನ್ನು ಚೆನ್ನಾಗಿ ಬಲ್ಲರು.

ಈಗ ಎಲ್ಲರೂ ಎತ್ತುವ ಆಕ್ಷೇಪಕ್ಕೆ ಬರೋಣ. ಈ ಚಿತ್ರಗಳಲ್ಲಿ ಹೆಚ್ಚಿನವು ಮೊಬೈಲಿನಲ್ಲಿ ಪುಕ್ಕಟೆಯಾಗಿ ಸಿಗುವಾಗ ಪುಸ್ತಕ ಏಕೆ? ಸಿಗುತ್ತವೆ, ನಿಜ. ಒಂದು ಪುಸ್ತಕವನ್ನು ಕೊಳ್ಳಬೇಕೇ ಬೇಡವೇ ಎಂದು ತೀರ್ಮಾನಿಸಲು, ಪುಟ ತಿರುಗಿಸಿ ತೋರಿಸುವ ವಿಡಿಯೊಗಳು ಬಹಳ ಉಪಯುಕ್ತ ಎನ್ನುವುದನ್ನೂ ಒಪ್ಪುತ್ತೇನೆ. ಆದರೆ ಪರದೆ ಎಲ್ಲ ಚಿತ್ರಗಳನ್ನೂ ಒಂದೇ ಅಳತೆಗೆ ಇಳಿಸುತ್ತದೆ. ಎಡ್ ರುಶೆ 1966ರಲ್ಲಿ ಲಾಸ್ ಏಂಜಲೀಸಿನ ಸನ್‌ಸೆಟ್ ಸ್ಟ್ರಿಪ್ ಬೀದಿಯ ಎರಡೂ ಮಗ್ಗುಲಿನ ಎಲ್ಲ ಕಟ್ಟಡಗಳನ್ನು ಸುಮಾರು 25 ಅಡಿ ಉದ್ದದ ಒಂದೇ ಪಟ್ಟಿಯಲ್ಲಿ ಮಡಿಸಿಟ್ಟರು. ಅದನ್ನು ಅಂಗೈಯಗಲದ ಗಾಜಿನಲ್ಲಿ ನೋಡಿದರೆ ಬೀದಿಯ ಉದ್ದವೇ ಕಾಣೆಯಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಕ್ರಮದ ಪ್ರಶ್ನೆ. ಮೊಬೈಲಿನಲ್ಲಿ ಮುಂದಿನ ಚಿತ್ರ ಯಾವುದೆಂದು ತೀರ್ಮಾನಿಸುವುದು ಛಾಯಾಗ್ರಾಹಕ ಅಲ್ಲ, ಹೆಚ್ಚು ಹೊತ್ತು ನಮ್ಮನ್ನು ಹಿಡಿದಿಡಲು ಬರೆದ ಒಂದು ಪ್ರೋಗ್ರಾಂ. ಲಾಂಗ್ ಬೀಚ್‌ನ ಕಾರಿನ ಮುಸುಕಾದ ಮೇಲೆ ಅರಿಜೋನಾದ ಕಂಬಳಿ ಬರುವುದೆಂಬ ಭರವಸೆ ಅಲ್ಲಿಲ್ಲ.

ಮಾತಿಲ್ಲದ ಪುಸ್ತಕ ಭಾವನೆಯನ್ನು ಕೊಡಬಹುದು, ವಾದವನ್ನು ಹೂಡಲಾರದು ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ದಕ್ಷಿಣ ಆಫ್ರಿಕಾದ ಕರಿಯ ಛಾಯಾಗ್ರಾಹಕ ಅರ್ನೆಸ್ಟ್ ಕೋಲ್ ಅವರ ‘ಹೌಸ್ ಆಫ್ ಬಾಂಡೇಜ್’ 1967ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾದಾಗ ಅದರಲ್ಲಿ ಚಿತ್ರದಷ್ಟೇ ಮಾತೂ ಇತ್ತು, ಇರಲೇಬೇಕಿತ್ತು. ಗಣಿಗೆ ಆಳುಗಳನ್ನು ಸೇರಿಸಿಕೊಳ್ಳುವಾಗ ಬಟ್ಟೆ ಬಿಚ್ಚಿಸಿ ಗೋಡೆಗೆ ಮುಖಮಾಡಿ ಸಾಲಾಗಿ ನಿಲ್ಲಿಸಿದ ಚಿತ್ರ ಅವಮಾನವನ್ನು ತೋರಿಸುತ್ತದೆ. ಅದನ್ನು ನಡೆಸುವ ಕಾನೂನು, ಪಾಸಿನ ವ್ಯವಸ್ಥೆ, ಕೂಲಿಯ ಲೆಕ್ಕ ಮಾತಿನಿಂದಲೇ ತಿಳಿಯಬೇಕು. ಅಲ್ಲಿ ಅಧ್ಯಾಯದಿಂದ ಅಧ್ಯಾಯಕ್ಕೆ ಗಣಿ, ರೈಲು, ಆಸ್ಪತ್ರೆ, ಶಾಲೆ ಎಂದು ಸಾಗುವ ಕ್ರಮವೇ ವರ್ಣಭೇದ ಒಂದು ಇಡೀ ಯಂತ್ರ ಎಂಬುದನ್ನು ಸಾಬೀತು ಮಾಡುತ್ತದೆ. ಸರ್ಕಾರ ಅದನ್ನು ದಕ್ಷಿಣ ಆಫ್ರಿಕಾದಲ್ಲಿ ನಿಷೇಧಿಸಿತು. ಆ ಹೊತ್ತಿಗೆ ದೇಶ ಬಿಟ್ಟಿದ್ದ ಕೋಲ್ ಗಡೀಪಾರಿನಲ್ಲೇ 1990ರಲ್ಲಿ ತೀರಿಕೊಂಡರು. ಬಿಡಿ ಫೋಟೊವನ್ನು ಅಪವಾದ ಎಂದು ತಳ್ಳಿಹಾಕುವುದು ಸುಲಭ. ಕಟ್ಟಿ ಕೂರಿಸಿದ ಪುಸ್ತಕಕ್ಕೆ ಹಾಗೆ ಹೇಳಲಾಗದು, ಅದಕ್ಕೇ ಸರ್ಕಾರಕ್ಕೆ ಅದರ ಭಯ ಹೆಚ್ಚು. ಮಾತು ಎಷ್ಟು ಬೇಕು ಎನ್ನುವುದನ್ನು ಆಯಾ ಪುಸ್ತಕದ ಕೆಲಸ ತೀರ್ಮಾನಿಸಲಿ. ಫ್ರಾಂಕ್‌ಗೆ ಅದು ಅಡ್ಡಿ, ಕೋಲ್‌ಗೆ ಅದು ಊರುಗೋಲು.

ಸಂಗ್ರಹದ ವಿಷಯಕ್ಕೆ ಬಂದರೆ, ಇಂದಿನ ಸಂಗ್ರಾಹಕರ ಜಗತ್ತನ್ನು ರೂಪಿಸಿದ್ದು ಕೆಲವು ಪಟ್ಟಿಗಳು. ಆಂಡ್ರ್ಯೂ ರೋತ್ 2001ರಲ್ಲಿ 20ನೇ ಶತಮಾನದ 101 ಪುಸ್ತಕಗಳನ್ನು ಹೆಸರಿಸಿದರು. ಮಾರ್ಟಿನ್ ಪಾರ್ ಮತ್ತು ಗೆರಿ ಬ್ಯಾಜರ್ 2004, 2006, 2014ರಲ್ಲಿ ಮೂರು ಸಂಪುಟಗಳ ಇತಿಹಾಸ ಬರೆದರು. ಪಾರ್ ಅವರ 12,000 ಪುಸ್ತಕಗಳ ಸಂಗ್ರಹ 2017ರಲ್ಲಿ ಲಂಡನ್ನಿನ ಟೇಟ್‌ಗೆ ಸೇರಿತು. ಈ ಕೆಲಸಕ್ಕೆ ನನ್ನ ಗೌರವ ದೊಡ್ಡದು. ಜಪಾನ್, ಲ್ಯಾಟಿನ್ ಅಮೆರಿಕಗಳ ಪುಸ್ತಕಗಳನ್ನು ಯುರೋಪಿನವುಗಳ ಪಕ್ಕಕ್ಕೆ ತಂದವರು ಅವರೇ. ಆದರೆ ಪಟ್ಟಿಯಾದ ಕೂಡಲೇ ಬೆಲೆ ಏರುತ್ತದೆ, ಪಟ್ಟಿಗೆ ಟಿಕ್ ಹಾಕುವುದೇ ಸಂಗ್ರಹ ಎನಿಸಿಕೊಳ್ಳುತ್ತದೆ. ರುಶೆ 1963ರಲ್ಲಿ 400 ಪ್ರತಿ ಹಾಕಿಸಿ ಕೆಲವೇ ಡಾಲರಿಗೆ ಮಾರಿದ ‘ಟ್ವೆಂಟಿಸಿಕ್ಸ್ ಗ್ಯಾಸೊಲಿನ್ ಸ್ಟೇಷನ್ಸ್’, ಯಾರ ಕೈಗಾದರೂ ಎಟುಕಲಿ ಎಂದೇ ಮಾಡಿದ ಪುಸ್ತಕ, ಇಂದು ಗಾಜಿನ ಪೆಟ್ಟಿಗೆಯೊಳಗಿದೆ. ಪಟ್ಟಿಗಳು ಯಾರನ್ನು ಬಿಡುತ್ತವೆ ಎನ್ನುವುದೂ ಮುಖ್ಯ. ಮಹಿಳೆಯರ ಫೋಟೊ ಪುಸ್ತಕಗಳನ್ನು 1843ರ ಆಟ್ಕಿನ್ಸ್‌ರಿಂದ 1999ರವರೆಗೆ ಕಲೆಹಾಕಿದ ‘ವಾಟ್ ದೇ ಸಾ’ ಬಂದದ್ದು 2021ರಲ್ಲಿ. ಸುನಿಲ್ ಜಾನಾ ಅವರ ‘ದಿ ಸೆಕೆಂಡ್ ಕ್ರೀಚರ್’, ಕಲ್ಕತ್ತೆಯ ಸಿಗ್ನೆಟ್ ಪ್ರೆಸ್ಸಿಗಾಗಿ 1949ರಲ್ಲಿ ಸತ್ಯಜಿತ್ ರಾಯ್ ವಿನ್ಯಾಸ ಮಾಡಿಕೊಟ್ಟ ಪುಸ್ತಕ, ಭಾರತದಲ್ಲೇ ಎಷ್ಟು ಮಂದಿಗೆ ಗೊತ್ತು?

ಮೊದಲ ಆವೃತ್ತಿಯ ಮೋಹವನ್ನೂ ಇಲ್ಲೇ ಪರೀಕ್ಷಿಸಬೇಕು. ಆ ಕಾಲದ ಕಾಗದ, ಆ ಕಾಲದ ಮಸಿ, ಅಂದಿನ ಓದುಗ ಕೈಯಲ್ಲಿ ಹಿಡಿದ ಗಾತ್ರ ಇವುಗಳಿಗೆ ಬೆಲೆಯಿದೆ ಎನ್ನುವುದನ್ನು ಅಲ್ಲಗಳೆಯುವುದಿಲ್ಲ. ಆದರೆ ‘ದಿ ಅಮೆರಿಕನ್ಸ್’ ಪುಸ್ತಕದ 50ನೇ ವರ್ಷಕ್ಕೆ, 2008ರಲ್ಲಿ, ಜರ್ಮನಿಯ ಗೋಟಿಂಗೆನ್ನಿನ ಸ್ಟೈಡಲ್ ಮುದ್ರಣಾಲಯ ಫ್ರಾಂಕ್ ಅವರನ್ನೇ ಕೂರಿಸಿಕೊಂಡು ಹೊಸದಾಗಿ ಅಚ್ಚು ಹಾಕಿದಾಗ, ಹಿಂದೆ ಅಂಚು ಕತ್ತರಿಸಿದ್ದ ಹಲವು ಚಿತ್ರಗಳು ಪೂರ್ತಿಯಾಗಿ ಬಂದವು. ಓದುವವನಿಗೆ ಆ ಆವೃತ್ತಿ ಯಾವ ರೀತಿಯಲ್ಲೂ ಕಡಿಮೆಯದಲ್ಲ. ಕೈಗೆಟುಕದ ಪುಸ್ತಕಗಳ ಪುಟಪುಟವನ್ನೂ ಚಿಕ್ಕದಾಗಿ ತೋರಿಸುವ ಇರ್ರಾಟಾ ಎಡಿಷನ್ಸ್‌ನ ಸರಣಿಯೂ ಅನುಕ್ರಮವನ್ನು ಕಲಿಯಲು ಸಾಕು. ಹಾಗಾದರೆ ಏನನ್ನು ಕೂಡಿಡಬೇಕು? ಒಂದು ಪ್ರಶ್ನೆಯನ್ನು ಹಿಡಿದು ಹೊರಡಬೇಕು ಎನ್ನುತ್ತೇನೆ. ಉದಾಹರಣೆಗೆ ಹಂಪಿ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಚಿತ್ರ ತೆಗೆದರು. ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ 1980ರ ದಶಕದಲ್ಲಿ ಅದೇ ಜಾಗಗಳಲ್ಲಿ ಕ್ಯಾಮರಾ ನಿಲ್ಲಿಸಿದರು. ಗ್ರೀನ್‌ಲಾ ಚಿತ್ರಗಳು ಜಾರ್ಜ್ ಮಿಶೆಲ್ ಸಂಪಾದಿಸಿದ ‘ವಿಜಯನಗರ: ಸ್ಪ್ಲೆಂಡರ್ ಇನ್ ರೂಯಿನ್ಸ್’ (2008) ಪುಸ್ತಕದಲ್ಲಿವೆ. ಇದರ ಪಕ್ಕಕ್ಕೆ ಗಾಲಿಂಗ್ಸ್ ಚಿತ್ರಗಳನ್ನು, 1866ರ ಧಾರವಾಡ–ಮೈಸೂರು ಸಂಪುಟದ ಪುಟಗಳನ್ನು, ಪ್ರವಾಸೋದ್ಯಮದ ಇತ್ತೀಚಿನ ಬಣ್ಣದ ಪುಸ್ತಕಗಳನ್ನು ಇಟ್ಟರೆ, ಒಂದೇ ಬಂಡೆಗಳನ್ನು ನಾಲ್ಕು ಕಾಲಗಳು ಹೇಗೆ ನೋಡಿದವು ಎಂಬುದರ ಅಧ್ಯಯನ ಒಂದೇ ಶೆಲ್ಫಿನಲ್ಲಿ ಸಿದ್ಧವಾಗುತ್ತದೆ. ನಾಲ್ಕೇ ಪುಸ್ತಕಗಳ ಆ ಸಂಗ್ರಹ ನನ್ನ ಕಣ್ಣಿಗೆ ಟಿಕ್ ಹಾಕಿದ ನಾನೂರಕ್ಕಿಂತ ದೊಡ್ಡದು.

ಬೆಲೆಯ ಆಕ್ಷೇಪವನ್ನು ಮಾತಿನಿಂದ ಕರಗಿಸಲಾಗದು. ದಪ್ಪ ಕಾಗದ, ಕಡಿಮೆ ಪ್ರತಿಗಳು, ಹೊಲಿಗೆ ಬೈಂಡಿಂಗ್, ವಿದೇಶದಿಂದ ತರಿಸುವ ಸಾಗಣೆ ಎಲ್ಲ ಸೇರಿ ಈ ಪುಸ್ತಕಗಳು ಸಂಬಳದವರ ಕೈಗೆ ಭಾರವೇ. ಬೆಂಗಳೂರಿನ ಚರ್ಚ್ ಸ್ಟ್ರೀಟ್, ಅವೆನ್ಯೂ ರಸ್ತೆಗಳ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ತಾಳ್ಮೆಯಿಂದ ಹುಡುಕುವುದು ಒಂದು ದಾರಿ. ನಾಲ್ಕು ಜನ ಕೂಡಿ ಕೊಂಡು ಕೈಬದಲಿಸಿ ಓದುವುದು ಅದಕ್ಕಿಂತ ಒಳ್ಳೆಯ ದಾರಿ, ಏಕೆಂದರೆ ಓದಿದ ಮೇಲೆ ಮಾತಾಡಲು ಜನ ಸಿಗುತ್ತಾರೆ. ಕೊಂಡದ್ದನ್ನು ಉಳಿಸಿಕೊಳ್ಳುವುದೂ ನಮ್ಮ ಹವೆಯಲ್ಲಿ ಸಣ್ಣ ಕೆಲಸವಲ್ಲ. ಆರ್ಟ್ ಪೇಪರಿನ ಹೊಳಪು ಜೇಡಿಯ ಲೇಪದಿಂದ ಬಂದದ್ದು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಅದು ತೇವ ಹೀರಿ ಪುಟಕ್ಕೆ ಪುಟ ಅಂಟಿಕೊಂಡರೆ ಬಿಡಿಸುವಾಗ ಚಿತ್ರವೇ ಕಿತ್ತುಬರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಬಿಗಿದಿಟ್ಟರೆ ಒಳಗಿನ ತೇವ ಹೊರಗೆ ಹೋಗದೆ ಬೂಷ್ಟು ಹಿಡಿಯುತ್ತದೆ. ದೊಡ್ಡ ಪುಸ್ತಕಗಳನ್ನು ಮಲಗಿಸಿಟ್ಟು, ಆಗಾಗ ಗಾಳಿಯಾಡಿಸಿ ತೆರೆದು ನೋಡುವುದೇ ಮದ್ದು. ಓದುವವರ ಮನೆಯಲ್ಲಿ ಪುಸ್ತಕ ಹೆಚ್ಚು ಕಾಲ ಬಾಳುವುದಕ್ಕೆ ಇದೂ ಒಂದು ಕಾರಣ.

ಕನ್ನಡದಲ್ಲಿ ಈ ಪ್ರಕಾರಕ್ಕೆ ನೆಲ ಇಲ್ಲವೇ ಎಂದರೆ ಇದೆ. ಮೈಸೂರಿನ ಟಿ.ಎಸ್. ಸತ್ಯನ್ ಅರ್ಧ ಶತಮಾನ ಸಾಮಾನ್ಯ ಜನರ ಬದುಕನ್ನು ಕಪ್ಪುಬಿಳುಪಿನಲ್ಲಿ ಹಿಡಿದರು. ಕನ್ನಡ ಓದುಗರು ಅವರನ್ನು ಹೆಚ್ಚಾಗಿ ಬಲ್ಲದ್ದು ‘ಕಾಲಕ್ಕೆ ಕನ್ನಡಿ’ಯ ಗದ್ಯದಿಂದ. ಸಂಡೂರಿನ ಎಂ.ವೈ. ಘೋರ್ಪಡೆ ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ 1983ರಲ್ಲಿ ಲಂಡನ್ನಿನಿಂದ ಬಂತು, ಇಂಗ್ಲಿಷಿನಲ್ಲಿ. ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಹಿಂದೆ ಕ್ಯಾಮರಾ ಹಿಡಿದು ಅಲೆದು, ‘ಮಾಯೆಯ ಮುಖಗಳು’ ಪುಸ್ತಕದಲ್ಲಿ ಚಿತ್ರ ಮತ್ತು ಮಾತನ್ನು ಒಟ್ಟಿಗೆ ಯೋಚಿಸಿದ ಅಪರೂಪದ ಕನ್ನಡ ಲೇಖಕ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಿಂದ ತೆರೆದಿರುವ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ ನೋಡುವವರನ್ನು ಬೆಳೆಸುತ್ತಿದೆ. ಕೊರತೆ ಇರುವುದು ಛಾಯಾಗ್ರಾಹಕನೇ ಕ್ರಮ ಕಟ್ಟಿದ, ಕನ್ನಡದ ಮಾತುಳ್ಳ, ಕನ್ನಡದ ಪ್ರಕಾಶಕರು ಧೈರ್ಯದಿಂದ ಅಚ್ಚು ಹಾಕುವ ಪುಸ್ತಕಗಳಲ್ಲಿ. ಅದಕ್ಕೆ ಅಡ್ಡಿಯಾಗಿರುವುದು ರುಚಿಯ ಅಭಾವ ಮಾತ್ರ ಎಂದು ನಾನು ನಂಬುವುದಿಲ್ಲ. ನಮ್ಮ ಪ್ರಕಾಶನದ ಬೆನ್ನೆಲುಬಾದ ಗ್ರಂಥಾಲಯಗಳ ಸಗಟು ಖರೀದಿ ಪುಸ್ತಕಕ್ಕೆ ಪುಟಗಳ ಲೆಕ್ಕದಲ್ಲಿ ಬೆಲೆ ಕಟ್ಟುತ್ತದೆ. ಎವನ್ಸ್ ಬಿಟ್ಟಂಥ ಬಿಳಿಯ ಎಡಪುಟ, ಕವಾದಾ ಮಡಿಸಿದಂಥ ಪುಟ, ಗ್ರಾವ್ಯೂರಿಗೆ ಹತ್ತಿರ ನಿಲ್ಲುವ ಮುದ್ರಣ ಇವುಗಳ ಖರ್ಚು ಆ ಲೆಕ್ಕದೊಳಗೆ ಕೂರುವುದಿಲ್ಲ. ಫೋಟೊ ಪುಸ್ತಕಕ್ಕೆ ಬೇರೆಯೇ ದರ, ಬೇರೆಯೇ ಆಯ್ಕೆ ಸಮಿತಿ, ವರ್ಷಕ್ಕೆ ಐದಾರು ಶೀರ್ಷಿಕೆಗಳಾದರೂ ಸಾಕು ಎಂಬ ನಿಯಮ ಬಂದರೆ, ಜಿಲ್ಲಾ ಕೇಂದ್ರ ಗ್ರಂಥಾಲಯಗಳ ಪ್ರತಿಗಳೇ ಒಂದು ಸಣ್ಣ ಆವೃತ್ತಿಯ ಖರ್ಚಿನ ದೊಡ್ಡ ಪಾಲನ್ನು ಹೊರಬಲ್ಲವು. ಕೊಳ್ಳಲಾಗದ ಓದುಗನಿಗೆ ಹಾವೇರಿಯಲ್ಲೋ ಕಾರವಾರದಲ್ಲೋ ಮೇಜಿನ ಮುಂದೆ ಕೂತು ಪುಟ ತಿರುಗಿಸಲು ಒಂದು ಪ್ರತಿಯೂ ಸಿಗುತ್ತದೆ.